ಏಳನೆಯ ಕಾಲಂ

ಮುಳುಗಿದ ಓಣಿಗಳೆಲ್ಲ ನನ್ನ ಹತ್ತಿರ
ಒಂದೇ ಫೈಲಿನಲ್ಲಿವೆ.
ನಾಲ್ಕು ಸಾವಿರದ ಮೇಲೆ ಸಾಲು, ನಡುನಡುವೆ ಅಲ್ಪವಿರಾಮ:
ಓಣಿ, ಮನಿ ನಂಬರು, ಹೆಸರು, ಅಡ್ಡಹೆಸರು,
ಗ್ವಾಡಿ ಮಣ್ಣಿನದೋ ಕಲ್ಲಿನದೋ, ಅಂಕಣ ಎಷ್ಟು,
ಕಡೆಗೆ, ಏಳನೆಯದು, ಬೇವಿನ ಗಿಡ.

ಹಳೇ ಬಾಗಲಕೋಟೆ ಬಿಡುವ ಮೊದಲು
ನುಡಿ ಫಾಂಟಿನಲ್ಲಿ ಯಾರೋ ಕುಟ್ಟಿದ್ದು.
ಯುನಿಕೋಡಿಗೆ ತರುವಾಗ ಅರ್ಕಾವತ್ತು ಕಳಚಿ
ಧರ್ಮವ್ವ ಧಮವ್ವಳಾಗಿದ್ದಳು.
ಸೆಡ್‌ಗೆ ಒಂದು ಸಾಲು ಬರೆದೆ;
ಕಳೆದ ಮೂಗುತಿ ಸಿಕ್ಕಂತೆ ಎದ್ದು ಕೂತಳು.

ಹೊಳೆಬಸಪ್ಪ, ಹೊಳಿಬಸಪ್ಪ, ಹೊಳಬಸಪ್ಪ,
ಊರ ಬಾಯಲ್ಲಿ ಮೂರೂ ಸರಿ.
ಗ್ರೆಪ್‌ಗೆ ಹೇಳಿಕೊಟ್ಟೆ:
ಳ ಆದ ಮೇಲೆ ಏತ್ವ ಬರಲಿ, ಗುಡಿಸು ಬರಲಿ,
ಏನೂ ಬರದೆಯೂ ಇರಲಿ, ಹಿಡಿ ಅವನನ್ನ.
ಹಿಡಿಯಿತು.
ಎಪ್ಪತ್ತಮೂರು ಮಂದಿ ಹೊಳೆಬಸಪ್ಪರು
ಕರೀ ಪರದೆಯ ಮೇಲೆ ಪಂಕ್ತಿಯಲ್ಲಿ ಕೂತರು, ಊಟಕ್ಕೆ ಕಾದವರಂತೆ.
ಹೊಳೆಯ ಹೆಸರಿಟ್ಟುಕೊಂಡವರ ಮನೆಗೆ ಹೊಳೆಯೇ ಬಂತು
ಅನ್ನಲಿಕ್ಕೆ ಹೋಗಿ, ಸುಮ್ಮನಾದೆ.

ಅವ್ವ ಜೋಳ ಕೇರಿ ಅತ್ತೆಯ ಮೊರಕ್ಕೆ ಸುರಿಯುತ್ತಿದ್ದಳು,
ಅತ್ತೆ ಹಳ್ಳು ಆರಿಸಿ ಜರಡಿಗೆ.
ಪೈಪು ಅಂದರೆ ಅಷ್ಟೇ. ಒಂದು ನಿಂತ ಗೆರೆ.
ಗೆರೆ ಹಾಕಿ ಸಾರ್ಟ್: ಎಲ್ಲರೂ ಅಕ್ಷರದ ಪಾಳಿಗೆ.
ಇನ್ನೊಂದು ಗೆರೆ ಹಾಕಿ ಯುನಿಕ್:
ಒಂದರ ಬೆನ್ನಿಗೆ ಅಂಥದ್ದೇ ಇನ್ನೊಂದು ನಿಂತಿದ್ದರೆ
ಎರಡನೆಯದನ್ನು ನುಂಗಿಬಿಡುತ್ತದೆ, ಸದ್ದಿಲ್ಲದೆ.

ನಲವತ್ತೊಂದು ಸಾಲು ಕಡಿಮೆಯಾದವು.
ಮುಚಖಂಡಿ ಸಾಹೇಬರು ಚಾ ತರಿಸಿದರು:
'ಮೂರು ತಿಂಗಳ ಕೆಲಸ, ಬಾಯಾರ, ಮೂರು ಮಿನಿಟಿನ್ಯಾಗ!'
ಹಿಗ್ಗಿದೆ. ಸುಳ್ಳೇಕೆ ಹೇಳಲಿ.

ಎಂಟು ದಿನಕ್ಕೆ ಗುರುಸಂಗವ್ವ ಬಂದಳು.
ಪ್ಲಾಸ್ಟಿಕ್ ಚೀಲದಲ್ಲಿ ಕಾಗದ, ಆ ಕಾಗದದೊಳಗೆ ಕಾಗದ.
'ನನ್ನ ಗಂಡನ ಹೆಸರು ಹಾರೇತ್ರೀ.'
ಪರದೆ ತಿರುಗಿಸಿದೆ: ಇಲ್ಲೇ ಇದೆಯಲ್ಲ,
ಹೊಳೆಬಸಪ್ಪ ಹಲಗಲಿ, ನೂರಾ ಹದಿನೇಳು.
'ಅದು ನಮ್ಮ ಭಾವಂದು.
ಅಣ್ತಮ್ಮರ ಮಕ್ಕಳು, ಇಬ್ಬರಿಗೂ ಮುತ್ಯಾನ ಹೆಸರ.
ಒಂದಽ ಮನಿ, ನಡುವ ಗ್ವಾಡಿ ಹಾಕಿದ್ರು,
ಅತ್ಲಾಗ ಮೂರಂಕಣ, ಇತ್ಲಾಗ ಮೂರಂಕಣ.'

ಪಾಲು ಮಾಡಿದ ಹಿರಿಯರು
ಕೂದಲೆಳೆ ಹೆಚ್ಚುಕಮ್ಮಿಯಿಲ್ಲದೆ ಮಾಡಿದ್ದರು.
ಅದಕ್ಕೇ ಒಬ್ಬ ಕಳೆದುಹೋದ.

ಮೂಲ ಫೈಲು ತೆಗೆದೆ.
ಯುನಿಕ್‌ನ ಬೆನ್ನಿಗೆ ಒಂದು ಚಿಕ್ಕ ಸಿ ಹಚ್ಚಿದರೆ
ಎಷ್ಟು ಸಲ ಅಂತ ಸಾಲಿನ ಎಡಕ್ಕೆ ಬರೆದು ತೋರಿಸುತ್ತದೆ.
ಮೊದಲೇ ಕೇಳಬಹುದಿತ್ತು.
ಅವನ ಎಡಕ್ಕೆ 2.
ಉಳಿದ ನಲವತ್ತರ ಎಡಕ್ಕೂ 2:
ಎಲ್ಲಿ ಗ್ವಾಡಿಯೋ,
ಎಲ್ಲಿ ಯಾರದೋ ನಿದ್ದೆಗಣ್ಣಿನ ಬೆರಳೋ.

ಸಾಲು ವಾಪಸು ಇಟ್ಟೆ. ಎದ್ದವಳು ಮತ್ತೆ ಕೂತಳು.
ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು;
ಪರದೆಯ ಅಂಚಿಗೆ ಬೆರಳಿಟ್ಟು,
'ಇಲ್ಲೂ ಒಂದು, ಇಲ್ಲೂ ಒಂದು, ಏನಿದು?'
ಬೇವಿನ ಗಿಡ, ಅಂದೆ.
'ಗಿಡ ಒಂದಽ ಇತ್ತು. ಗ್ವಾಡಿ ಅದರ ಬುಡಕ್ಕ ಬಂದು ನಿಂತಿತ್ತು.'
ಹಂಗಾದರ ಯಾರ ಕಡೆ ಬರೀಲಿ?
ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ಸೇರಿಸುತ್ತ,
'ಅವರ ಕಡೀಗೇ ಬರಕೋ,
ನೆಳ್ಳು ನಮ್ಮ ಕಡೆ ಬೀಳ್ತಿತ್ತು.'

ಇದಕ್ಕೆ ಯಾವ ಆಜ್ಞೆಯೂ ಗೊತ್ತಿರಲಿಲ್ಲ.
ಬಾಣದ ಕೀಲಿ ಒತ್ತಿ ಒತ್ತಿ ಅಲ್ಲಿತನಕ ನಡೆದುಹೋಗಿ
ಒಂದು ಅಳಿಸಿ ಸೊನ್ನೆ ಕುಟ್ಟಿದೆ.
ಈಗ ಸಾಲು ಬೇರೆ ಬೇರೆ. ಯುನಿಕ್ ಹತ್ತು ಸಲ ಬರಲಿ,
ಅವರಿಬ್ಬರು ಇಬ್ಬರೇ.

ಸಂಜೆ ಸಾಹೇಬರು ಹೋದ ಮೇಲೆ
ಯಾರೂ ಕೇಳದ ಲೆಕ್ಕವೊಂದನ್ನು ಆಕ್‌ಗೆ ಹೇಳಿದೆ:
ಏಳನೆಯ ಕಾಲಂ ಕೂಡಿಸು.
ಆರು ನೂರ ಹನ್ನೆರಡು.
ಹೆಚ್ಚುಕಮ್ಮಿ.
ನಲವತ್ತು ಸಾಲು ಇನ್ನೂ ಎರಡೆರಡಾಗಿ ಕಾದಿವೆ.
ನಾಳೆ ಒಂದೊಂದೇ ನಂಬರಿಗೆ ಫೋನು ಹಚ್ಚಬೇಕು,
ಮೊದಲು ಹೆಸರು ಕೇಳಬೇಕು, ಆಮೇಲೆ
ಗಿಡ ಯಾರ ಕಡೆ ಇತ್ತು ಅಂತ.